ಗಿರಾಕಿಗಳ ಬಾಯಿ ಮುಚ್ಚಿಸಿ ಕಲಿತ ಭಾಷೆ

ನಮ್ಮ ಬೀದಿಯ ಕ್ಷೌರಿಕನಿಗೆ ಐವತ್ತು ದಾಟಿದ ಮೇಲೆ ಪರದೇಶದ ಭಾಷೆಯೊಂದು ನೆಗಡಿಯ ಹಾಗೆ ಹಿಡಿದುಕೊಂಡಿತು. ಹತ್ತಿರ ಹೋದವರಿಗೆಲ್ಲ ಅದರ ತುಂತುರು ಸಿಡಿಯುತ್ತಿತ್ತು. ಕಾರಣವೂ ಇತ್ತೆನ್ನಿ. ಮಗಳು ಮೆಚ್ಚಿದ ಹುಡುಗ ಆ ದೇಶದವನು. ಹುಡುಗನ ಅಪ್ಪ ಮಾತುಕತೆಗೆ ಬರುವವರಿದ್ದರು.

"ನನ್ನ ಮಗಳನ್ನ ಚೆನ್ನಾಗಿ ನೋಡ್ಕೋತೀರಾ ಅಂತ ನಾನೇ ಬಾಯ್ಬಿಟ್ಟು ಕೇಳ್ಬೇಕು" ಎಂದ.

"ನಾನಿದ್ದೀನಲ್ಲಪ್ಪ, ಅವರು ಹೇಳಿದ್ದನ್ನ ಹೇಳ್ತೀನಿ" ಎಂದಳು ಮಗಳು.

"ನೀನಾ? ಅವರು ಇಲ್ಲ ಅಂದ್ರೂ ನೀನು ಹೂಂ ಅಂತಲೇ ಹೇಳ್ತೀಯ."

ಬೆಳಿಗ್ಗೆ ಫೋನಿನಲ್ಲಿ ಒಂದು ವಾಕ್ಯ ಕೇಳುವುದು, ಅದನ್ನು ಚೀಟಿಯಲ್ಲಿ ಬರೆದು ಕನ್ನಡಿಯ ಮೂಲೆಗೆ ಅಂಟಿಸುವುದು, ಸಂಜೆಯವರೆಗೂ ಕುರ್ಚಿಗೆ ಬಂದವರ ಮೇಲೆ ಪ್ರಯೋಗಿಸುವುದು, ಇದು ಅವನ ಕ್ರಮ. ಬಲ್ಲವರೂ ಇದನ್ನು ಮೆಚ್ಚುತ್ತಾರೆ. ಆದರೆ ಅವನು ಆರಿಸಿಕೊಂಡ ಗಳಿಗೆಯೇ ಬೇರೆ. ಗಿರಾಕಿಯ ಮೂಗಿನವರೆಗೆ ನೊರೆ ಮೆತ್ತಿ, ಗಂಟಲಿಗೆ ಕತ್ತಿ ತಾಗಿಸಿ, "ನಿಮ್ಮೂರಲ್ಲಿ ಚಳಿ ಹೇಗಿದೆ?" ಎಂದು ಆ ಭಾಷೆಯಲ್ಲಿ ವಿಚಾರಿಸುತ್ತಿದ್ದ. ಗಿರಾಕಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದ. ಮರುಮಾತಿಲ್ಲವೆಂದರೆ ತಪ್ಪಿಲ್ಲವೆಂದೇ ಇವನ ಲೆಕ್ಕ. ಹೀಗೆ ವರ್ಷದೊಳಗೆ ಪಂಡಿತನಾಗಿಬಿಟ್ಟ.

"ಯಾರಾದ್ರೂ ಉತ್ತರ ಕೊಟ್ಟಿದಾರೇನ್ರೀ?" ಎಂದು ಹೆಂಡತಿ ಒಮ್ಮೆ ಕೇಳಿದಳು.

"ಕೊಡೋಕೆ ಅವರಿಗೆ ಭಾಷೆ ಬರ್ಬೇಕಲ್ಲೇ."

ಬೀಗರು ಬಂದರು. ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇದ್ದುದರಿಂದ ಅಲ್ಲಿಯೇ ಸಭೆ. ಇವನು ಎದೆ ಸೆಟೆಸಿ ಪ್ರಶ್ನೆ ಹಾಕಿದ. ಎಣ್ಣೆ ಬಿಟ್ಟ ಕತ್ತರಿಯ ಹಾಗೆ ಮಾತು ಸರಾಗವಾಗಿ ಹೊರಟಿತು. ಬೀಗರ ಮುಖ ಅರಳಿತು. ಇವನ ಎರಡೂ ಕೈ ಹಿಡಿದುಕೊಂಡು ಉತ್ತರ ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಪ್ರಶ್ನೆಗೆ ಉತ್ತರವೆಂಬುದೊಂದು ಇರುತ್ತದೆಂದು ನಮ್ಮವನಿಗೆ ಆಗಲೇ ಹೊಳೆದದ್ದು. ಒಂದಕ್ಷರವೂ ತಲೆಗೆ ಹತ್ತಲಿಲ್ಲ. ತಲೆಯನ್ನು ಮಾತ್ರ ಆಡಿಸಿದ.

"ಏನಂದ್ರಂತೆ?" ಎಂದಳು ಹೆಂಡತಿ.

"ಚೆನ್ನಾಗಿ ಮಾತಾಡ್ತಾರೆ."

"ಅಪ್ಪಾ, ಅವರು ಹೇಳಿದ್ದು..."

"ನೀನು ಸುಮ್ನಿರು."

ಬೇರೆ ದಾರಿ ಕಾಣದೆ, ಬೀಗರನ್ನೂ ನೊರೆಯಲ್ಲಿ ಮುಳುಗಿಸಿ ಮರ್ಯಾದೆ ಉಳಿಸಿಕೊಳ್ಳೋಣವೆಂದು ಕುರ್ಚಿ ತೋರಿಸಿದ. ಅವರು ತಮ್ಮ ನುಣುಪು ಗಲ್ಲ ಸವರಿಕೊಂಡು, ಸಡಗರದಲ್ಲಿ ಮರೆತಿದ್ದ ಇವನ ಗಡ್ಡದ ಕಡೆ ಬೊಟ್ಟು ಮಾಡಿದರು. ಭುಜ ಹಿಡಿದು ಇವನನ್ನೇ ಕೂರಿಸಿ, ಬ್ರಷ್ಷು ತೆಗೆದುಕೊಂಡು ಮೂಗಿನವರೆಗೆ ನೊರೆ ಮೆತ್ತಿದರು. ತಬ್ಬಿಬ್ಬಾದದ್ದನ್ನು ಗಮನಿಸಿದ್ದರೋ ಏನೋ, ಈಗ ಒಂದೊಂದೇ ಮಾತು, ನಿಧಾನವಾಗಿ, ಬ್ರಷ್ಷಾಡಿಸುತ್ತ ಹೇಳಿದರು. ಮತ್ತೆ ಹೇಳಿದರು. ಬಾಯಿ ತೆರೆದರೆ ಸೋಪು, ಕೇಳದೆ ವಿಧಿಯಿಲ್ಲ. ಕನ್ನಡಿಯ ಚೀಟಿಗಳ ಮೇಲಿದ್ದ ಪದಗಳು ಒಂದೊಂದಾಗಿ ಕಿವಿಗೆ ಬಂದು ಕೂತವು. ಗಂಡುಮಕ್ಕಳು, ಮೂವರು. ಮಗಳು, ಇಲ್ಲ. ಇನ್ನು ಮೇಲೆ, ಇದ್ದಾಳೆ.

ಇವನ ಭುಜ ಸಡಿಲವಾಯಿತು.

"ಅರ್ಥ ಆಯ್ತಾ?" ಎಂದಳು ಹೆಂಡತಿ.

"ಹೂಂ" ಎಂದ ನೊರೆಯೊಳಗಿಂದ.

"ಅಂತೂ ನಿಮ್ಮ ಬಾಯಿ ಮುಚ್ಚಿಸೋರು ಪರದೇಶದಿಂದ ಬರ್ಬೇಕಾಯ್ತು."

ಅಷ್ಟರಲ್ಲಿ ಬೀಗರು ಉತ್ಸಾಹದಿಂದ ಕತ್ತಿಗೆ ಕೈ ಚಾಚಿದರು. ಕನ್ನಡಿಗೆ ಎಂದೂ ಅಂಟಿಸದಿದ್ದ "ಬೇಡ" ಎಂಬ ಮಾತು, ಶುದ್ಧ ಉಚ್ಚಾರಣೆಯಲ್ಲಿ, ಆ ಭಾಷೆಯಲ್ಲೇ ತಾನಾಗಿ ಹೊರಬಿತ್ತು.