ಕೆಂಪು ಗೆರೆಯ ಮೇಷ್ಟ್ರು

ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇದ್ದ ಮೋಟು ಪೆನ್ಸಿಲೊಂದು ನಮ್ಮ ಇಂಗ್ಲಿಷ್ ಮೇಷ್ಟ್ರ ಬಲಗಿವಿಯ ಮೇಲೆ ಸದಾ ಕೂತಿರುತ್ತಿತ್ತು. ಐವತ್ತರ ದಶಕದ ಕೊನೆಯಲ್ಲಿ, ಹಾಸನದ ಕಾಲೇಜಿನಲ್ಲಿ ಅವರು ವಿಕ್ಟೋರಿಯಾ ರಾಣಿಯ ಕಾಲದ ಒಂದು ದುರಂತ ಕಾದಂಬರಿ ಪಾಠ ಮಾಡುತ್ತಿದ್ದರು. ಬಡ ಹುಡುಗಿಯೊಬ್ಬಳು ಉಳ್ಳವನ ಕೈಗೆ ಸಿಕ್ಕಿ ಹಾಳಾಗುವ ಕಥೆ. ಪುಟದಲ್ಲಿ ಕೆಂಪು ಬಣ್ಣದ ಮಾತು ಬಂದಲ್ಲೆಲ್ಲ ಕೆಂಪು ಗೆರೆ. ಬಿಳಿ ಬಂದರೆ, ಬಿಳಿ ಪೆನ್ಸಿಲು ಎಲ್ಲಿ ಸಿಗಬೇಕು, ನೀಲಿ ಗೆರೆ. ನೋಟ್ಸೂ ಪ್ರತಿವರ್ಷ ಅದೇ: ಬಿಳಿಯೆಂದರೆ ಪಾವಿತ್ರ್ಯ, ಕೆಂಪೆಂದರೆ ಪಾಪ. ಒಂದಕ್ಷರ ಆಚೀಚೆ ಬರೆದವರಿಗೆ ಸೊನ್ನೆ.

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಕೆಂಪು ಉಡುತ್ತಿದ್ದವಳು ಸೋದರತ್ತೆ. ಹದಿನಾಲ್ಕಕ್ಕೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಅಂದಿನಿಂದ ವಿಧವೆಯ ಕೆಂಪು ಸೀರೆಯಲ್ಲೇ ಉಳಿದವಳು. ಅಪ್ಪ ನನ್ನ ಓದು ಬಿಡಿಸಿ ಮದುವೆ ಮಾಡಲು ಹೊರಟಾಗ ಅಡ್ಡ ನಿಂತವಳೂ ಅವಳೇ. ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದರೆ ಅಲ್ಲಿಗೆ ಓದು ಮುಗಿಯಿತು ಎಂಬ ಷರತ್ತಿನ ಮೇಲೆ ಅಪ್ಪ ಒಪ್ಪಿದ್ದರು.

ಅಷ್ಟು ಗೊತ್ತಿದ್ದೂ ಕಾಲೇಜಿನ ಇಂಗ್ಲಿಷ್ ಪರೀಕ್ಷೆಯಲ್ಲಿ ಬರೆದುಬಿಟ್ಟೆ: "ನಮ್ಮ ಮನೆಯಲ್ಲಿ ಕೆಂಪು ಉಟ್ಟವಳು ಯಾವ ಪಾಪವನ್ನೂ ಮಾಡಿಲ್ಲ. ಅದನ್ನು ಅವಳಿಗೆ ಉಡಿಸಿದವರು ಬಿಳಿ ಪಂಚೆಯವರು." ಮೊಂಡುತನ ನನ್ನ ಹುಟ್ಟುಗುಣ.

ಮೂರನೇ ದಿನ ಸಾಲಗಾಮೆ ಕಡೆಯವನಾದ ಕಾಲೇಜಿನ ಜವಾನ ಕ್ಲಾಸಿನ ಬಾಗಿಲಿಗೆ ಬಂದ. "ಮೇಷ್ಟ್ರು ಕರೀತಾವ್ರೆ ಕಣವ್ವಾ, ಬಿರ್ನೆ ಓಗು." ನನಗೆ ಮದುವೆಯ ಓಲಗವೇ ಕೇಳಿಸಿದಂತಾಯಿತು.

ಪೆನ್ಸಿಲು ಮೇಷ್ಟ್ರ ಕೈಯಲ್ಲಿತ್ತು. ನನ್ನ ಉತ್ತರದ ಮೇಲೆ ಒಂದು ಗೆರೆಯೂ ಇರಲಿಲ್ಲ.

"ಯಾರಮ್ಮ ಇವರು, ಕೆಂಪು ಸೀರೆಯೋರು?"

"ನಮ್ಮತ್ತೆ, ಸಾರ್."

ಪೆನ್ಸಿಲನ್ನು ಮೇಜಿನ ಮೇಲಿಟ್ಟರು. "ನಮ್ಮಮ್ಮನೂ ಕೆಂಪು ಸೀರೇಲೇ ನನ್ನ ಸಾಕಿದ್ದು ಕಣಮ್ಮ. ಇಷ್ಟು ವರ್ಷ ಈ ಪಾಠ ಮಾಡಿದೀನಿ. ಒಂದು ದಿನಕ್ಕಾದ್ರೂ ಅವಳ ನೆನಪು ಬರ್ಲಿಲ್ವಲ್ಲ!"

ನನ್ನನ್ನು ಪಾಸು ಮಾಡಿದರು. ಮಾರನೆಯ ದಿನ ಕ್ಲಾಸಿನಲ್ಲಿ, "ಆ ಬಣ್ಣದ ಸಾಲು ಹೊಡೆದುಹಾಕಿ. ನಾನು ಯೋಚನೆ ಮಾಡದೆ ಬರೆಸಿದ್ದೆ" ಎಂದರು. ಒಬ್ಬ ಮೇಷ್ಟ್ರು ತಪ್ಪೊಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎಷ್ಟೋ ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂದ ದಿನ, ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ ಆಗಿದ್ದ ನಾನು ಅದೇ ಕಾದಂಬರಿಯ ಪಾಠ ಶುರುಮಾಡಬೇಕಿತ್ತು. ಅಳು ತಡೆದುಕೊಂಡು ತರಗತಿಗೆ ಹೋದೆ. ನೋಟ್ಸ್ ಬರೆಸಲಿಲ್ಲ. "ನಿಮ್ಮನೇಲಿ ಕೆಂಪು ಯಾರು ಉಡ್ತಾರೆ?" ಎಂದು ಕೇಳಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ನಮ್ಮಜ್ಜಿ, ಮಿಸ್."