ಬೋನಿ ಮಾಸ್ತರರ ನಲವತ್ತೊಂದನೇ ನಂಬರು

ಇಲ್ಲ... ನಂಬಲಿಕ್ಕೇ ಆಗುತ್ತಿಲ್ಲ.
ಮೊನ್ನೆ ಭಾನುವಾರ ಎದುರಿಗೆ ಕೂತು ಚಹಾ ಕುಡಿದ ಮನುಷ್ಯ...

ಇವತ್ತು ಬೆಳಿಗ್ಗೆ ಬಾಂದ್ರಾದಿಂದ ಅವರ ಮಗಳ ಫೋನು. "ಅಂಕಲ್, ಡ್ಯಾಡಿ ಹೋದರು." ಅಷ್ಟೇ.
ನಮ್ಮ ಬ್ಯಾಂಡ್‌ಲೀಡರ್ ಬೋನಿಫಾಸ್ ಮಾಸ್ತರು ಇನ್ನಿಲ್ಲ ಗೆಳೆಯರೇ.

ತೊಂಬತ್ತು ದಾಟಿತ್ತು, ತುಂಬು ಬಾಳು ಎಂದೆಲ್ಲ ಕಾಮೆಂಟ್ ಹಾಕಬೇಡಿ.
ನನಗೆ ದುಃಖಕ್ಕಿಂತ ಸಿಟ್ಟು ಬಂದಿದೆ...

ಈಗಿನವರಿಗೆ ಅವರು ಯಾರೆಂದು ಗೊತ್ತಿಲ್ಲ. ಹೇಳುತ್ತೇನೆ.
ಐವತ್ತರ ದಶಕದ ಬಾಂಬೆ. ಹದಿನಾರು ಜನರ ಬ್ಯಾಂಡ್. ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರಾಂಬೋನ್, ಡ್ರಮ್ಸ್...
ಮುಂದೆ ಬಿಳಿ ಕೋಟು ಹಾಕಿಕೊಂಡು ಕೈಯಾಡಿಸುವ ಮಂಗಳೂರಿನ ಬೋನಿ ಮಾಸ್ತರು.
ಆಗ ದಾರೂಬಂದಿ, ಹೆಂಡಕ್ಕೆ ನಿಷೇಧ. ಜನ ಬರೀ ಲೆಮನೇಡ್ ಕುಡಿದು ಕುಣಿಯುತ್ತಿದ್ದರು. ಕಿಕ್ಕು ಏನಿದ್ದರೂ ಮಾಸ್ತರರ ಸಂಗೀತದ್ದು.

ನಾನು ಮೂರನೇ ಟ್ರಾಂಬೋನ್. ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಊದಲು ಕಲಿತವನು.
ವಾರವೆಲ್ಲ ಬೈಕುಲ್ಲಾದ ಒಂದು ಗೋಡೌನಿನಲ್ಲಿ ಕ್ಲಾರ್ಕು. ಭಾನುವಾರ ಬೆಳಿಗ್ಗೆ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮಹಡಿಯಲ್ಲಿ ರಿಹರ್ಸಲ್. ಮಾಸ್ತರು ಚರ್ಚಿನಿಂದ ನೇರ ಅಲ್ಲಿಗೇ ಬರುತ್ತಿದ್ದರು.
ಕೆಳಗೆ ಇಡ್ಲಿ ಬೇಯುತ್ತಿತ್ತು. ಮೇಲೆ ನಾವು.

ಮೊದಲ ದಿನವೇ ನನ್ನ ಊದುವಿಕೆ ಕೇಳಿ ಕೈ ನಿಲ್ಲಿಸಿದರು.
"ಏ ಹುಬ್ಬಳ್ಳಿ, ಎಂತದ್ದು ಮಾರಾಯ ಅದು? ಟ್ರಾಂಬೋನಾ, ಗೂಡ್ಸ್ ಗಾಡಿಯಾ?"
"ಇನ್ನೊಮ್ಮೆ ಊದತೇನ್ರಿ ಮಾಸ್ತರ."
"ಊದು, ಊದು. ನಾವೆಲ್ಲ ಹಳಿ ಬಿಟ್ಟು ನಿಲ್ತೇವೆ."

ಅವರಿಗೆ ಒಂದು ಹುಚ್ಚು ನಿಯಮವಿತ್ತು.
ಹಿಂದೊಮ್ಮೆ ಬೇರೆ ಬ್ಯಾಂಡಿನವರು ಅವರ ಟ್ಯೂನನ್ನೇ ಕದ್ದು, ಅವರಿಗಿಂತ ಮೊದಲೇ ಬಾರಿಸಿಬಿಟ್ಟಿದ್ದರಂತೆ.
ಅಂದಿನಿಂದ ಇಡೀ ಸಂಗೀತವನ್ನು ಒಂದೇ ಕಡೆ ಬರೆಯಲೇ ಇಲ್ಲ.
ಒಬ್ಬೊಬ್ಬನಿಗೂ ಅವನ ವಾದ್ಯದ ಭಾಗ, ಅವನವನ ಪಾರ್ಟ್, ಅಷ್ಟೇ ಇರುವ ಒಂದೇ ಹಾಳೆ. ಬಾರಿಸಿ ಮುಗಿಸಿದ ಕೂಡಲೇ ವಾಪಸ್. ಟ್ರಂಕಿಗೆ ಹಾಕಿ ಬೀಗ.
ಟ್ಯೂನಿಗೆ ಹೆಸರೂ ಇಲ್ಲ... ಬರೀ ನಂಬರು.

ಅದರಲ್ಲಿ ನಲವತ್ತೊಂದು...
ಅಯ್ಯೋ, ಹೇಗೆ ಹೇಳಲಿ! ಅದು ಶುರುವಾದರೆ ಕುಣಿಯುವವರು ಕುಣಿತ ನಿಲ್ಲಿಸಿ ನಿಂತು ಕೇಳುತ್ತಿದ್ದರು.
ಒಂದು ಭಾನುವಾರ ಅದರ ನನ್ನ ಹಾಳೆಯನ್ನು ಅಂಗಿಯೊಳಗೆ ತುರುಕಿಕೊಂಡೆ. ಮಾಸ್ತರು ಹಾಳೆ ಎಣಿಸಿದರು. ಹದಿನೈದು.
"ಇನ್ನೊಂದು ಎಲ್ಲಿ ಉಂಟು?"
ಒಬ್ಬೊಬ್ಬರನ್ನೇ ದಾಟಿ ನನ್ನ ಮುಂದೆ ಬಂದು ನಿಂತರು.
"ಹುಬ್ಬಳ್ಳಿ, ನಿನ್ನ ಹೊಟ್ಟೆ ಎಂತಕ್ಕೆ ಪರಪರ ಅಂತದೆ?"
ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಹಾಳೆ ತೆಗೆದು ಕೊಟ್ಟೆ.
ಕೊಡಬಾರದಿತ್ತು!
ಮುಂದೆ ಬ್ಯಾಂಡ್ ಒಡೆದುಹೋಯಿತು. ಟ್ರಂಕು ಅವರ ಚಾಳಿನ ಕೆಳಗಿನ ಖೋಲಿಯಲ್ಲಿತ್ತು. ಒಂದು ಮಳೆಗಾಲ ಖೋಲಿಗೆ ನೀರು ನುಗ್ಗಿ ಹಾಳೆಗಳ ಮಸಿಯೆಲ್ಲ ತೊಳೆದುಹೋಯಿತು.

ಮಾಸ್ತರೇ... ಈಗ ನಿಮಗೇ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ.
ಎಷ್ಟು ವರ್ಷ ಗೋಗರೆದೆ ನಿಮ್ಮನ್ನು?
ರೆಕಾರ್ಡ್ ಮಾಡೋಣ ಎಂದರೆ "ಇನ್ನೂ ಪಾಲಿಶ್ ಆಗ್ಲಿ" ಎಂದಿರಿ.
"ನಲವತ್ತೊಂದನ್ನಾದ್ರೂ ಬರದ್ ಇಡೂಣ್ರಿ" ಎಂದರೆ "ತಲೆಯಲ್ಲಿ ಉಂಟು ಮಾರಾಯ, ತಲೆ ಎಲ್ಲಿಗೆ ಹೋಗ್ತದೆ?" ಎಂದು ನಕ್ಕಿರಿ.
ಈಗ ಹೇಳಿ... ಎಲ್ಲಿಗೆ ಹೋಯಿತು?
ಉಳಿದ ಹದಿನೈದು ಜನ ಆಗಲೇ ಹೋಗಿಯಾಗಿತ್ತು. ನೀವೂ ಹೊರಟಿರಿ. ಹಟಮಾರಿ ಮನುಷ್ಯ!

ಮೊನ್ನೆ ಭಾನುವಾರ ಅಂತೂ ಇಂತೂ ಒಪ್ಪಿದ್ದಿರಿ.
ನಾನು ಗೆರೆ ಹಾಕಿದ ಹಾಳೆ, ಪೆನ್ನು ಎಲ್ಲ ಹೊತ್ತು ಲೋಕಲ್ ಹಿಡಿದು ಬಂದೆ.
ನೀವು ಕಣ್ಣು ಮುಚ್ಚಿ ನಲವತ್ತೊಂದನ್ನು ಹಾಡತೊಡಗಿದಿರಿ. ದನಿ ನಡುಗುತ್ತಿತ್ತು, ಶ್ರುತಿ ಒಂಚೂರೂ ನಡುಗಲಿಲ್ಲ.
ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಸುತ್ತು, ಬರೆದುಕೊಂಡೆ.
ಐದನೆಯದಕ್ಕೆ ಮೂರನೇ ಟ್ರಾಂಬೋನಿನ ಎಂಟ್ರಿ...
ನನ್ನ ಕೈಗೆ ಏನಾಯಿತೋ! ಟ್ರಾಂಬೋನಿಗೆ ಎರಡೂ ಕೈ ಬೇಕಲ್ಲ. ಪೆನ್ನು ಕೆಳಗಿಟ್ಟೆ. ಬಲಗೈ ಇಲ್ಲದ ಕೊಳವೆಯನ್ನು ಗಾಳಿಯಲ್ಲಿ ಹಿಂದೆ ಮುಂದೆ ಎಳೆಯತೊಡಗಿತು, ಬಾಯಿ ನನ್ನ ಪಾರ್ಟ್ ಹಾಡತೊಡಗಿತು.
ನೀವು ಕಣ್ಣು ತೆರೆಯದೆಯೇ ನನ್ನತ್ತ ಕೈಯಾಡಿಸಿದಿರಿ.
ಇಬ್ಬರೂ ಕೊನೆಯವರೆಗೂ ಹೋದೆವು. ನಕ್ಕು ನಕ್ಕು ಕಣ್ಣಲ್ಲಿ ನೀರು.
"ಈಗ ಸರಿಯಾಯ್ತು ನೋಡು, ಹುಬ್ಬಳ್ಳಿ" ಎಂದಿರಿ. ಜೀವಮಾನದಲ್ಲಿ ನೀವು ನನ್ನನ್ನು ಹೊಗಳಿದ್ದು ಅದೊಂದೇ ಸಲ.
"ಬರೆಯುದು ಬರುವ ವಾರ, ಆಯ್ತಾ?"
"ಆತ್ರೀ" ಎಂದೆ.
ಮೊಬೈಲು ಜೇಬಿನಲ್ಲೇ ಇತ್ತು. ಒಂದು ಬಟನ್ ಒತ್ತಲು ಹೊಳೆಯಲಿಲ್ಲ, ಈ ಪೆದ್ದನಿಗೆ...

ಬೆಳಿಗ್ಗೆಯಿಂದ ಆ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ.
ನಾಲ್ಕು ಬಾರ್ ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಎಷ್ಟು ತಿಣುಕಿದರೂ ನೆನಪಾಗುವುದು ನನ್ನ ಪಾರ್ಟ್ ಮಾತ್ರ.
ಪಾಂ... ಪಾಂ...
ಎರಡು ಬಾರ್ ಸುಮ್ಮನೆ...
ಪಾಂ...
ಮೊಮ್ಮಗಳು ಬಂದು ನಿಂತು ಕೇಳಿದಳು.
"ಅಜ್ಜಾ, ಯೇ ಗಾನಾ ಹೈ ಕ್ಯಾ?"
"ಹೌದವಾ. ಭಾಳ ಛಲೋ ಹಾಡು."
ಪಾಪ, ಸ್ವಲ್ಪ ಹೊತ್ತು ಕಾದಳು, ಹಾಡು ಬಂದೀತೆಂದು. ಆಮೇಲೆ ಒಳಗೆ ಹೋದಳು.

ಹೋಗಿ ಬನ್ನಿ ಮಾಸ್ತರೇ...
ನಿಮ್ಮ ಆತ್ಮಕ್ಕೆ ಶಾಂತಿ ಸಿಗಲಿ.
ನನ್ನದರ ಮಾತು ಬಿಡಿ.