ಅಗಿದ ಮೇಲೆ ಎದ್ದ ಗೋಡೆ

ರೊಟ್ಟಿ ಬಡಿದು ಬಡಿದು ಅವಳ ಬಲಗೈ ಎಡಗೈಗಿಂತ ಅಗಲವಾಗಿತ್ತು. ಅಂಗೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿನ ಆಸ್ಪತ್ರೆಯೊಂದಕ್ಕೆ ನರ್ಸ್ ಆಗಿ ಬಂದ ನಾನು ದಿನಾ ಉಣ್ಣುತ್ತಿದ್ದುದು ಅವಳ ಖಾನಾವಳಿಯಲ್ಲಿ. ಎಲ್ಲರಿಗೂ ಅವಳು ಅವ್ವ. ಗಂಡ ಸತ್ತ ಮೇಲೆ ಅವಳಿಗಿದ್ದದ್ದು ಎರಡು ಕೋಣೆಯ ಆ ಮನೆಯೊಂದೇ. ತಡವಾಗಿ ಹೋದರೆ ಬೈಯುತ್ತಲೇ ಮತ್ತೆ ಒಲೆ ಹೊತ್ತಿಸುತ್ತಿದ್ದಳು. "ತಂಗಳಾ ತಿಂದು ಸೂಜಿ ಚುಚ್ಚಿದ್ರ ಕೈ ನಡಗ್ತೈತಿ. ಕುಂದ್ರು."

ಪಕ್ಕದ ಜಾಗದಲ್ಲಿ ಲಾಡ್ಜ್ ಕಟ್ಟಲು ಶುರುಮಾಡಿದರು. ನೆಲದ ಕೆಳಗೆ ಎರಡು ಅಂತಸ್ತು ಪಾರ್ಕಿಂಗ್. ಜೆಸಿಬಿ ಅವಳ ಅಡುಗೆಮನೆಯ ಬುಡದವರೆಗೂ ಎರೆಮಣ್ಣು ಕಡಿದುಕೊಂಡು ಬಂತು. ಮಣ್ಣು ಕುಸಿಯದಂತೆ ಮೊದಲು ನೆಲದೊಳಗೆ ಕಾಂಕ್ರೀಟ್ ಗೋಡೆ ಇಳಿಸಿ ಆಮೇಲೆ ಅಗಿಯಬೇಕು ಎಂದು ನಕ್ಷೆಯಲ್ಲಿತ್ತಂತೆ. ಊಟಕ್ಕೆ ಕೂತಾಗ ಮೇಸ್ತ್ರಿಯೇ ಹೇಳಿದ.

"ಮತ್ತ ಯಾಕ ಹಾಕ್ಲಿಲ್ಲಪ?" ಎಂದಳು ಅವ್ವ.

"ಆ ಮಷೀನು ಹೈದ್ರಾಬಾದಿಂದ ಬರಬೇಕ್ರಿ ಅವ್ವಾರ. ಮಾಲಕರು ಬ್ಯಾಡಂದ್ರು. ಅಗದ ಮ್ಯಾಲ ಕಟ್ಟಿದ್ರಾತು ಅಂದಾರ."

"ಅಲ್ಲೀತನ ನನ್ನ ಮನಿ ಯಾರು ಹಿಡೀಬೇಕು?"

ಅವನು ಕೈ ತೊಳೆದು ಮತ್ತೆ ಗುಂಡಿಗೆ ಇಳಿದ.

ಅವ್ವ ಲಾಡ್ಜ್ ಮಾಲೀಕನ ಬಳಿ ಹೋದಳು, ನಗರಸಭೆ ಕಚೇರಿಗೆ ಅಲೆದಳು. ಎಲ್ಲರೂ ನೋಡೋಣ ಎಂದರು. ಕಾಲುವೆಗೆ ನೀರು ಬಿಟ್ಟ ಮೇಲೆ ಗುಂಡಿಯ ತಳ ಜಿನುಗತೊಡಗಿತು, ಒಲೆಯ ಹಿಂದೆ ಗೋಡೆ ಬಿರಿಯಿತು. ಸಿಮೆಂಟು ಮೆತ್ತಿದಳು, ಮತ್ತೆ ಬಿರಿಯಿತು. ಆದರೂ ಗುಂಡಿ ಅಗಿಯುವವರಿಗೆ ಊಟ ಹಾಕುವುದನ್ನು ನಿಲ್ಲಿಸಲಿಲ್ಲ. ನಾನು ರೇಗಿದರೆ, "ಅವರೇನ್ ಮಾಡ್ಯಾರ ತಂಗಿ? ಹಸದು ಬಂದಾರ" ಎಂದಳು.

ಒಂದು ಮಧ್ಯಾಹ್ನ ನಾನೊಬ್ಬಳೇ ಉಣ್ಣುತ್ತಿದ್ದೆ. ಒಲೆಯ ಮೇಲಿನ ರೊಟ್ಟಿ ಹಂಚು ತಾನಾಗಿ ಜರುಗಿತು. ಅವಳು ನನ್ನ ರಟ್ಟೆ ಹಿಡಿದು, "ಏಳಬೇ, ಏಳು!" ಎಂದು ಬೀದಿಗೆ ಎಳೆದುಕೊಂಡು ಓಡಿದಳು. ಹಿಂದೆಯೇ ಅಡುಗೆಮನೆ ಗುಂಡಿಗೆ ಜಾರಿತು. ಆ ದೂಳಿನಲ್ಲಿ ನಿಂತು ಅವಳು ಮನೆಯ ಕಡೆ ತಿರುಗಲಿಲ್ಲ. ನನ್ನ ತಲೆ, ಬೆನ್ನು ಸವರಿ ನೋಡಿದಳು.

"ಹಳೇ ಮನಿ, ಬೀಳಂಗ ಇತ್ತು" ಎಂದ ಮಾಲೀಕ. ಮುಂದೆ ಗೋಡೆಯೇನೋ ಎದ್ದಿತು, ದಪ್ಪನೆಯ ಕಾಂಕ್ರೀಟು. ಅಷ್ಟರಲ್ಲಿ ಅವಳು ಗುರುಗುಂಟಾದ ತಮ್ಮನ ಮನೆ ಸೇರಿದ್ದಳು. ನೋಡಲು ಹೋದರೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು.

"ಮತ್ತ ಖಾನಾವಳಿ ಇಡೂಣ ಬೇ ಯವ್ವಾ, ನಾ ಜಾಗ ನೋಡ್ತೀನಿ" ಎಂದೆ.

"ಬ್ಯಾಡ ತಂಗಿ. ಒಲಿ ಮುಂದ ಕುಂತ್ರ ಹಿಂದಿನ ಗ್ವಾಡಿನ ನೋಡ್ತಿರ್ತೀನಿ. ರೊಟ್ಟಿ ಸೀದು ಹೊಕ್ಕಾವ."

ಈ ಬೇಸಿಗೆಯಲ್ಲಿ ಸತ್ತಳು. ಡ್ಯೂಟಿ ಬದಲಾಯಿಸಿಕೊಂಡು, ಮಸ್ಕಿಯಲ್ಲಿ ಬಸ್ಸಿಗೆ ಕಾದು, ನಾನು ಮುಟ್ಟುವಷ್ಟರಲ್ಲಿ ಹೂಳಿ ಬಂದಿದ್ದರು. ನನ್ನ ಜೀವ ಉಳಿಸಿದವಳಿಗೆ ಒಂದು ಹಿಡಿ ಮಣ್ಣು ಹಾಕಲೂ ನನ್ನಿಂದ ಆಗಲಿಲ್ಲ.